ರೈಲಿನಲ್ಲಿ ಊಟ ಹಾಕಿಸೋದಾ, ಬುತ್ತಿ ಕಟ್ಟೋದಾ?

"ಅಣ್ಣಾ, ಟಿಕೆಟ್ ಬುಕ್ ಮಾಡ್ತಿದೀನಿ, ಊಟ ಹಾಕಿಸ್ಲಾ ಬೇಡ್ವಾ?" ಹಾಸನದಲ್ಲಿ ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಸುವ ಕೆಲಸ ನನ್ನದು. ಹಾಗಾಗಿ ಪರಿಚಯದವರು ರೈಲು ಹತ್ತುವ ಮುಂಚೆ ಈ ಪ್ರಶ್ನೆ ಹೊತ್ತು ನನ್ನ ಹತ್ತಿರ ಬರುತ್ತಾರೆ. ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಇರುತ್ತದೆ: "ಎಕ್ಸಿಕ್ಯೂಟಿವ್ ಕ್ಲಾಸಲ್ಲಿ ಊಟ ಬೇರೆ ಥರ ಇರುತ್ತಂತೆ, ಹೌದಾ?"

ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಊಟದ ಆಸೆಗೆ ಮೇಲಿನ ದರ್ಜೆಯ ಟಿಕೆಟ್ ತೆಗೆಯಬೇಡಿ. ಸೀಟು ಅಗಲ ಬೇಕು, ಕಾಲು ಚಾಚಬೇಕು, ಗಲಾಟೆ ಕಡಿಮೆ ಇರಬೇಕು ಅನ್ನುವವರು ಧಾರಾಳವಾಗಿ ತೆಗೆಯಿರಿ, ಕೊಟ್ಟ ಹಣಕ್ಕೆ ಅದು ಸಿಗುತ್ತದೆ. ಊಟದ ರುಚಿಯನ್ನು ತೀರ್ಮಾನಿಸುವುದು ಮಾತ್ರ ಬೇರೆ ಎರಡು ಸಂಗತಿ: ಒಲೆಯಿಂದ ಇಳಿದು ನಿಮ್ಮ ಮುಂದೆ ಬರುವಷ್ಟರಲ್ಲಿ ಎಷ್ಟು ಹೊತ್ತಾಗಿದೆ, ಮತ್ತು ಆ ಹೊತ್ತನ್ನು ತಾಳಿಕೊಳ್ಳುವ ಪದಾರ್ಥವೇ ಅದು. ನೂರಾರು ಜನರಿಗೆ ಬಡಿಸಿ ಅಭ್ಯಾಸವಿರುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಟಿಕೆಟ್ಟಿನಲ್ಲಿ ಊಟ ಇದೆಯೋ ಇಲ್ಲವೋ

ರೈಲಿನ ಹೆಸರು ನೋಡಿ ಊಟ ಇದೆ ಅಂದುಕೊಳ್ಳಬೇಡಿ. ವಂದೇ ಭಾರತ್, ಶತಾಬ್ದಿ, ರಾಜಧಾನಿ, ದುರಂತೋ ರೈಲುಗಳಲ್ಲಿ ಊಟದ ದುಡ್ಡು ಟಿಕೆಟ್ಟಿನಲ್ಲೇ ಸೇರಿರುತ್ತದೆ, ಬೇಡವೆಂದರೆ ಬುಕ್ ಮಾಡುವಾಗಲೇ ತೆಗೆಸಬಹುದು. ಆದರೆ ಅರಸೀಕೆರೆ, ಬೀರೂರಿನಲ್ಲಿ ನಿಲ್ಲುವ ಬೆಂಗಳೂರು–ಹುಬ್ಬಳ್ಳಿ ಜನಶತಾಬ್ದಿಯಲ್ಲಿ ಆ ಪದ್ಧತಿ ಇಲ್ಲ. ಹೆಸರಿನಲ್ಲಿ ಶತಾಬ್ದಿ ಇದೆಯಲ್ಲ ಎಂದು ಬರಿಗೈಲಿ ಹತ್ತಿದರೆ ಬೋಗಿಯಲ್ಲಿ ಮಾರಿಕೊಂಡು ಬರುವುದನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಕಡೂರು, ಚಿಕ್ಕಮಗಳೂರು ಕಡೆಯವರು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಲು ನೆಚ್ಚಿಕೊಂಡಿರುವ ರೈಲಿದು, ಆದ್ದರಿಂದ ಹೇಳಿದೆ.

ನಮ್ಮ ಊರ ಮೇಲೇ ಹೋಗುವ ದುಬಾರಿ ಬೋಗಿ ಅಂದರೆ ವಿಸ್ಟಾಡೋಮ್. ಯಶವಂತಪುರದಿಂದ ಹಾಸನ, ಸಕಲೇಶಪುರದ ಮೇಲೆ ಮಂಗಳೂರಿಗೆ ಹೋಗುವ ಹಗಲು ರೈಲುಗಳಿಗೆ 2021ರ ಜುಲೈನಲ್ಲಿ ಅದನ್ನು ಜೋಡಿಸಿದರು. 44 ಸೀಟು, ತಿರುಗುವ ಕುರ್ಚಿ, ಗಾಜಿನ ಚಾವಣಿ. ಟಿಕೆಟ್ಟಿನ ಬೆಲೆ ನೋಡಿದವರು ಊಟವೂ ಇದ್ದೇ ಇರುತ್ತದೆ ಅಂದುಕೊಳ್ಳುತ್ತಾರೆ. ಇಲ್ಲ. ಸಕಲೇಶಪುರ ದಾಟಿದರೆ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ. ಘಟ್ಟ, 57 ಸುರಂಗ, ಎಡಕುಮೇರಿಯಂಥ ಕಾಡಿನ ನಿಲ್ದಾಣಗಳು. ಹೊಟ್ಟೆ ಹಸಿದರೆ ಇಳಿದು ಕೊಳ್ಳುವಂಥ ಊರು ನಡುವೆ ಒಂದೂ ಇಲ್ಲ. ಈ ದಾರಿಗೆ ಬುತ್ತಿಯೇ ಸರಿ, ಯೋಚನೆ ಮಾಡುವುದೇ ಬೇಡ.

ಉಳಿದಂತೆ ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯವರು ಊಟದ ಟಿಕೆಟ್ಟಿನ ರೈಲನ್ನು ಸಾಮಾನ್ಯವಾಗಿ ಹತ್ತುವುದು ಬೆಂಗಳೂರಿನಲ್ಲಿ, ಇಲ್ಲವೇ ಮೈಸೂರಿನಲ್ಲಿ. ಧಾರವಾಡದ ಕಡೆಗೆ 2023ರ ಜೂನ್‌ನಲ್ಲಿ ಶುರುವಾದ ವಂದೇ ಭಾರತ್, ಚೆನ್ನೈಗೆ ಮೈಸೂರಿನಿಂದ ಹೊರಡುವ ವಂದೇ ಭಾರತ್ ಮತ್ತು ಶತಾಬ್ದಿ, ದೆಹಲಿಗೆ ಬೆಂಗಳೂರಿನ ರಾಜಧಾನಿ. ಮುಂದಿನ ಹೋಲಿಕೆ ಇವನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಅಡುಗೆ ಎಲ್ಲಿ ಆಗುತ್ತದೆ

ವಂದೇ ಭಾರತ್‌ನಲ್ಲಿ ಅಡುಗೆ ಬೋಗಿಯೇ ಇಲ್ಲ. ಪ್ರತಿ ಬೋಗಿಯ ತುದಿಯಲ್ಲಿ ಚಿಕ್ಕದೊಂದು ಪ್ಯಾಂಟ್ರಿ, ಅದರಲ್ಲಿ ಹಾಟ್‌ಕೇಸ್, ಬಾಟಲಿ ತಂಪು ಮಾಡುವ ಪೆಟ್ಟಿಗೆ, ನೀರು ಕಾಯಿಸುವ ಬಾಯ್ಲರ್. ಅಷ್ಟೇ. ಊರೊಳಗಿನ ಬೇಸ್ ಕಿಚನ್‌ನಲ್ಲಿ ಬೇಯಿಸಿ, ಫಾಯಿಲ್ ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ, ಗಾಡಿಯಲ್ಲಿ ಪ್ಲಾಟ್‌ಫಾರ್ಮಿಗೆ ತಂದು ಹಾಟ್‌ಕೇಸಿಗೆ ಸೇರಿಸುತ್ತಾರೆ. ರೈಲಿನಲ್ಲಿ ಆಗುವುದು ಬಿಸಿ ಕಾಯ್ದುಕೊಳ್ಳುವ ಕೆಲಸ ಮಾತ್ರ. ರಾಜಧಾನಿಗೆ ಪ್ಯಾಂಟ್ರಿ ಬೋಗಿ ಉಂಟು. ಆದರೆ ಅಡುಗೆಯ ಹೊರೆಯನ್ನು ಬೇಸ್ ಕಿಚನ್‌ಗಳಿಗೇ ಒಪ್ಪಿಸುವುದು 2017ರ ಕೇಟರಿಂಗ್ ನೀತಿಯಿಂದೀಚೆಗೆ ರೈಲ್ವೆ ಹಿಡಿದ ದಾರಿ.

ಆ ನೀತಿ ಬಂದ ವರ್ಷವೇ, 2017ರ ಜುಲೈನಲ್ಲಿ, ಸರ್ಕಾರದ ಲೆಕ್ಕಪತ್ರ ತಪಾಸಣೆ ಮಾಡುವ ಸಿಎಜಿಯ ವರದಿ ಸಂಸತ್ತಿನ ಮುಂದೆ ಬಂತು. 74 ನಿಲ್ದಾಣ, 80 ರೈಲುಗಳನ್ನು ಪರಿಶೀಲಿಸಿದ ಆ ವರದಿಯಲ್ಲಿ ನಲ್ಲಿ ನೀರನ್ನು ಶುದ್ಧ ಮಾಡದೆ ಪಾನೀಯಕ್ಕೆ ಬಳಸಿದ್ದು, ಮುಚ್ಚಳವಿಲ್ಲದ ಕಸದ ಡಬ್ಬಿ, ನೊಣ–ಧೂಳಿಗೆ ತೆರೆದಿಟ್ಟ ತಿಂಡಿ, ಬಿಲ್ ಕೊಡದೆ ದುಡ್ಡು ವಸೂಲಿ, ಎಲ್ಲವೂ ದಾಖಲಾಗಿವೆ. ಅಡುಗೆಯನ್ನು ಓಡುವ ರೈಲಿನಿಂದ ನೆಲದ ಮೇಲಿನ ಕಿಚನ್‌ಗೆ ತಂದರೆ ಶುಚಿಯ ಮೇಲೆ ಕಣ್ಣಿಡುವುದು ಸುಲಭ. ಅದು ಒಳ್ಳೆಯದೇ, ನಾನೂ ಒಪ್ಪುತ್ತೇನೆ. ಅದಕ್ಕೆ ತೆತ್ತ ಬೆಲೆ ಅಂದರೆ ಸಮಯ. ಬೆಳಗ್ಗೆ ಆರಕ್ಕೂ ಮುಂಚೆ ಹೊರಡುವ ರೈಲಿನ ಇಡ್ಲಿ ನಾವೆಲ್ಲ ಗಾಢ ನಿದ್ದೆಯಲ್ಲಿರುವಾಗ ಬೆಂದಿರುತ್ತದೆ. ಮಧ್ಯಾಹ್ನ ಒಂದರ ರೈಲಿಗೆ ಹತ್ತುವ ಅನ್ನ ಬೆಳಗ್ಗೆಯೇ ಇಳಿದಿರುತ್ತದೆ.

ಬಿಸಿ ಊಟ 60 ಡಿಗ್ರಿಗಿಂತ ಕೆಳಗಿಳಿಯಬಾರದು, ತಣ್ಣಗಿಡುವುದು 5 ಡಿಗ್ರಿಗಿಂತ ಮೇಲೇರಬಾರದು. ಆಹಾರ ಸುರಕ್ಷತೆಯ ಮೊದಲ ಪಾಠವೇ ಇದು. ಈ ಎರಡರ ನಡುವೆ ಎರಡು ಗಂಟೆಗೂ ಹೆಚ್ಚು ಕುಳಿತ, ಹುಳಿ ಸೇರದ ಅನ್ನ ಕೈಗೆ ಬಂದಾಗ ಹಳಸಿದ ವಾಸನೆ ಇಲ್ಲದಿದ್ದರೂ ನಂಬುವಂತಿಲ್ಲ. ಬೇಯಿಸಿದರೂ ಸಾಯದ ಬೀಜಾಣುಗಳು ಅಕ್ಕಿಯಲ್ಲಿರುತ್ತವೆ, ಬೆಚ್ಚಗಿದ್ದಾಗ ಬೆಳೆಯುತ್ತವೆ. ಆದ್ದರಿಂದ ಟ್ರೇ ಬಂದಾಗ ಮೊದಲು ಮಾಡಬೇಕಾದ್ದು ಅನ್ನದ ಡಬ್ಬಿಯ ತಳ ಮುಟ್ಟುವುದು. ಬೆರಳಿಗೆ ಚುರುಕ್ ಅನ್ನಬೇಕು. ಬೆಚ್ಚಗೆ ಮಾತ್ರ ಇದ್ದರೆ ಬಿಸಿಯಾಗಿರುವ ಬೇರೆ ಡಬ್ಬಿ ಕೊಡಿ ಎಂದು ಕೇಳಿ. ಸಂಕೋಚ ಬೇಡ, ಹಾಟ್‌ಕೇಸ್ ಇರುವುದು ಅದಕ್ಕೇ.

ಎಕ್ಸಿಕ್ಯೂಟಿವ್ ಮತ್ತು ಚೇರ್ ಕಾರ್

ರೈಲ್ವೆ ಮಂಡಳಿ 2019ರ ನವೆಂಬರ್‌ನಲ್ಲಿ ರಾಜಧಾನಿ, ಶತಾಬ್ದಿಗಳ ಊಟದ ದರ ಪರಿಷ್ಕರಿಸಿತು. ಫಸ್ಟ್ ಎಸಿ ಮತ್ತು ಎಕ್ಸಿಕ್ಯೂಟಿವ್‌ನವರ ತಿಂಡಿಗೆ 140 ರೂಪಾಯಿ, ಊಟಕ್ಕೆ 245. ಚೇರ್ ಕಾರ್ (ಕೂತು ಹೋಗುವ ಸಾಮಾನ್ಯ ಎಸಿ ದರ್ಜೆ), ಸೆಕೆಂಡ್ ಮತ್ತು ಥರ್ಡ್ ಎಸಿಯವರ ತಿಂಡಿಗೆ 105, ಊಟಕ್ಕೆ 185. ಅಂದರೆ ತಿಂಡಿಯಲ್ಲಿ 35, ಊಟದಲ್ಲಿ 60 ರೂಪಾಯಿ ವ್ಯತ್ಯಾಸ. ಟಿಕೆಟ್ಟಿನ ಬೆಲೆಯಾದರೋ ಹತ್ತಿರ ಹತ್ತಿರ ಎರಡು ಪಟ್ಟು. ಮೇಲೆ ಕೊಟ್ಟ ಸಾವಿರ ಚಿಲ್ಲರೆಯಲ್ಲಿ ತಟ್ಟೆಗೆ ಬೀಳುವುದು ಅರವತ್ತು ರೂಪಾಯಿಯದ್ದು ಎಂದು ಗೊತ್ತಿದ್ದು ತೆಗೆದರೆ ಆಮೇಲೆ ಬೇಸರವಾಗದು.

ಆ ಅರವತ್ತರಲ್ಲಿ ಏನು ಬರುತ್ತದೆ? ಒಂದೆರಡು ಹೆಚ್ಚಿನ ಐಟಂ, ಸ್ವಲ್ಪ ಒಳ್ಳೆಯ ಪ್ಯಾಕಿಂಗ್. ರಾಜಧಾನಿಯ ಫಸ್ಟ್ ಎಸಿಯಲ್ಲಿ ಪಿಂಗಾಣಿ ತಟ್ಟೆ, ಕೇಳಿ ಬಡಿಸುವ ಸಮಾಧಾನ. ಚಪಾತಿ, ದಾಲ್, ಪಲ್ಯದ ಹದದಲ್ಲಿ ನನಗೆ ಎದ್ದು ಕಾಣುವ ವ್ಯತ್ಯಾಸ ಸಿಕ್ಕಿಲ್ಲ. ಒಂದು ಅನುಕೂಲ ಮಾತ್ರ ನಿಜವಾದದ್ದು, ಅದನ್ನು ಯಾರೂ ಹೇಳುವುದಿಲ್ಲ. ವಂದೇ ಭಾರತ್‌ನ ಎಕ್ಸಿಕ್ಯೂಟಿವ್ ಬೋಗಿಯಲ್ಲಿ 52 ಸೀಟು, ಚೇರ್ ಕಾರ್‌ನಲ್ಲಿ 78. ತಲೆ ಕಡಿಮೆ ಇದ್ದ ಕಡೆ ಬಡಿಸುವುದು ಬೇಗ ಮುಗಿಯುತ್ತದೆ, ಕೊನೆಯವರ ತಟ್ಟೆಯೂ ಬಿಸಿಯಾಗಿರುತ್ತದೆ. ನಮ್ಮ ಪಂಕ್ತಿಯಲ್ಲೂ ಕೊನೆಯ ಸಾಲಿನವರಿಗೇ ಅಲ್ಲವೇ ಆರಿದ ಸಾರು ಸಿಗುವುದು? ವಯಸ್ಸಾದವರಿಗೆ ಬಿಸಿಯಾದ ಊಟ ಮುಖ್ಯ, ಖರ್ಚು ಮಾಡಲು ಮನಸ್ಸೂ ಇದೆ ಅಂದರೆ ಈ ಕಾರಣಕ್ಕೆ ಎಕ್ಸಿಕ್ಯೂಟಿವ್ ಒಪ್ಪುತ್ತೇನೆ.

ಯಾವುದನ್ನು ತಿನ್ನಬಹುದು, ಯಾವುದನ್ನು ಬಿಡಬಹುದು

ತಿಂಡಿಯಲ್ಲಿ ಇಡ್ಲಿ ಇದ್ದರೆ ಕಣ್ಣು ಮುಚ್ಚಿ ಅದನ್ನೇ ಕೇಳಿ. ಹಬೆಯಲ್ಲಿ ಬೆಂದದ್ದು ಹಬೆಯಲ್ಲೇ ಉಳಿದರೆ ಹಾಳಾಗುವುದಿಲ್ಲ, ಹಾಟ್‌ಕೇಸಿನ ತೇವ ಅದಕ್ಕೆ ಒಗ್ಗುತ್ತದೆ. ಪೊಂಗಲ್ ಗಟ್ಟಿಯಾಗುತ್ತದೆ, ಆದರೂ ತುಪ್ಪ ಇರುವುದರಿಂದ ಗಂಟಲಲ್ಲಿ ಇಳಿಯುತ್ತದೆ. ಉಪ್ಪಿಟ್ಟು ಆರಿದ ಮೇಲೆ ಹೆಂಟೆ ಕಟ್ಟುತ್ತದೆ, ಅದು ಬೇಡ. ವಡೆಯನ್ನು ಮುಚ್ಚಿದ ಡಬ್ಬಿಗೆ ಹಾಕಿದ ಗಳಿಗೆಯೇ ಅದರ ಗರಿಗರಿ ಹೋಯಿತು. ಎಂಥ ಭಟ್ಟರು ಕರಿದಿದ್ದರೂ ಅಷ್ಟೇ, ಅದು ಕಿಚನ್ನಿನವರ ತಪ್ಪಲ್ಲ. ಹಸಿ ತೆಂಗಿನಕಾಯಿ ಚಟ್ನಿಯ ಬಗ್ಗೆ ಮಾತ್ರ ಎಚ್ಚರ. ಇಡೀ ಟ್ರೇಯಲ್ಲಿ ಮೊದಲು ಕೆಡುವುದು ಅದು. ನಾಲಿಗೆ ತುದಿಗೆ ಹಚ್ಚಿ ನೋಡಿ, ಚೂರು ಹುಳಿ ಎನಿಸಿದರೂ ಬದಿಗಿಡಿ.

ಊಟದಲ್ಲಿ ಎಲ್ಲರೂ ದೂರುವುದು ಚಪಾತಿಯನ್ನು. ಫಾಯಿಲ್ ಬಿಚ್ಚಿ ನೋಡಿ: ಮೇಲಿನದರ ಅಂಚು ಹಪ್ಪಳದ ಹಾಗೆ ಒಣಗಿರುತ್ತದೆ, ಕೆಳಗಿನದು ತನ್ನದೇ ಆವಿಯ ನೀರು ಕುಡಿದು ಒಂದಕ್ಕೊಂದು ಅಂಟಿರುತ್ತದೆ. ಗೋಧಿಯ ಪಿಷ್ಟ ಬೆಂದು ಮೆತ್ತಗಾದದ್ದು ಆರುತ್ತ ಹೋದಂತೆ ಮತ್ತೆ ಬಿಗಿದುಕೊಳ್ಳುತ್ತದೆ, ಅನ್ನದ ಅಗುಳು ಸೆಟೆದು ನಿಲ್ಲುವುದೂ ಇದೇ ಕಾರಣಕ್ಕೆ. ಮತ್ತೆ ಬಿಸಿ ಮಾಡಿದರೆ ಸ್ವಲ್ಪ ಸಡಿಲವಾಗುತ್ತದೆ, ಆದರೆ ಅಷ್ಟರಲ್ಲಿ ನೀರಂಶ ಹಾರಿರುತ್ತದೆ. ಎಣ್ಣೆ ಹಾಕಿ ಮಾಡಿದ ಪರಾಠ ಇದಕ್ಕಿಂತ ಬಾಳುತ್ತದೆ. ಚಪಾತಿಯನ್ನು ದಾಲ್‌ಗೆ ಅದ್ದಿ ಅರೆಕ್ಷಣ ಬಿಟ್ಟು ತಿನ್ನಿ, ಒಣಗಿದ ಅಂಚು ನೆನೆದುಕೊಳ್ಳುತ್ತದೆ.

ದಾಲ್ ಬಹುಮಟ್ಟಿಗೆ ಸರಿಯಾಗಿರುತ್ತದೆ, ಬೇಳೆ ಕುದಿದಷ್ಟೂ ಒಳ್ಳೆಯದೇ. ಪನೀರ್ ಗಂಟೆಗಟ್ಟಲೆ ಬಿಸಿಯಲ್ಲಿ ಕುಳಿತರೆ ಹಲ್ಲಿಗೆ ರಬ್ಬರು. ಮಾಂಸಾಹಾರಿಗಳಿಗೆ ಕೋಳಿ ಗ್ರೇವಿ ಪನೀರಿಗಿಂತ ವಾಸಿ, ಗ್ರೇವಿಯೊಳಗಿನ ತುಂಡು ಅಷ್ಟು ಬೇಗ ಒಣಗುವುದಿಲ್ಲ. ಆಮ್ಲೆಟ್ಟಿಗೆ ಮಾತ್ರ ನಾನು ಕೈ ಹಾಕುವುದಿಲ್ಲ: ಒಲೆಯಿಂದ ನೇರ ತಟ್ಟೆಗೆ ಬರದಿದ್ದರೆ ಅದು ಆಮ್ಲೆಟ್ಟೇ ಅಲ್ಲ. ಟ್ರೇಯಲ್ಲಿ ಅತ್ಯಂತ ನಂಬಿಕೆಯ ಪದಾರ್ಥ ಸೀಲ್ ಮಾಡಿದ ಮೊಸರಿನ ಕಪ್ಪು. ಮೇಲೆ ತಾರೀಕು ಇರುತ್ತದೆ, ತಂಪಾಗಿರುತ್ತದೆ, ಅನ್ನ ಸೆಟೆದಿದ್ದರೂ ಅದರ ಜೊತೆ ಊಟ ಮುಗಿಸಬಹುದು.

ಕಾಫಿಯ ವಿಷಯದಲ್ಲಿ ನಮ್ಮ ಸೀಮೆಯವರು ರಾಜಿ ಮಾಡಿಕೊಳ್ಳುವುದು ಕಷ್ಟ. ಯಾವ ದರ್ಜೆಯಾದರೂ ಕೊಡುವುದು ಪುಡಿ ಪ್ಯಾಕೆಟ್ಟು, ಬಿಸಿನೀರು. ಬಾಬಾಬುಡನ್‌ಗಿರಿ ತಪ್ಪಲಲ್ಲಿ ಹುಟ್ಟಿ ಬೆಳೆದವರಿಗೆ ಅದು ಕಾಫಿ ಅನಿಸಲು ಸಾಧ್ಯವೇ ಇಲ್ಲ. ರಾತ್ರಿ ಫಿಲ್ಟರಿಗೆ ಪುಡಿ ಹಾಕಿ, ಗಟ್ಟಿ ಡಿಕಾಕ್ಷನ್ ಇಳಿಸಿ, ಚಿಕ್ಕ ಸ್ಟೀಲ್ ಫ್ಲಾಸ್ಕಿನಲ್ಲಿ ತಗೊಂಡು ಹೋಗಿ. ಹಾಲು ಬೆರೆಸಬೇಡಿ, ಬೆರೆಸಿದರೆ ಮಧ್ಯಾಹ್ನದೊಳಗೆ ಒಡೆಯುತ್ತದೆ. ರೈಲಿನಲ್ಲಿ ಬಿಸಿನೀರು ಕೇಳಿದರೆ ಕೊಡುತ್ತಾರೆ, ಹಾಲಿನ ಪುಡಿ ನಿಮ್ಮ ಬ್ಯಾಗಿನಲ್ಲಿರಲಿ.

ಊಟ ಬೇಡ ಎಂದರೆ

ಹೊರಡುವ ಹೊತ್ತು ನೋಡಿ ತೀರ್ಮಾನ ಮಾಡಿ. ಬೆಳಗಿನ ಜಾವದ ವಂದೇ ಭಾರತ್‌ಗೆ ಊಟ ಹಾಕಿಸಿ. ಹಿಂದಿನ ರಾತ್ರಿಯೇ ಹಾಸನದಿಂದ ಬಂದು ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಉಳಿದಿರುತ್ತೀರಿ, ನಾಲ್ಕು ಗಂಟೆಗೆ ಆ ಮನೆಯವರನ್ನು ಎಬ್ಬಿಸಿ ಬುತ್ತಿ ಕಟ್ಟಿಸುವುದು ಸರಿಯಲ್ಲ. ಮಧ್ಯಾಹ್ನ ಹೊರಡುವ ರೈಲಿಗೆ ಬೇಡ ಎನ್ನಿ. ಹತ್ತುವ ಮುಂಚೆ ಹೊಟ್ಟೆ ತುಂಬ ಉಂಡು, ಸಂಜೆಗೆ ಕೋಡುಬಳೆ, ಬಾಳೆಹಣ್ಣು ಇಟ್ಟುಕೊಂಡರೆ ಆಯಿತು. ಒಂದು ವಿಷಯ ಗಮನದಲ್ಲಿರಲಿ: ರಾಜಧಾನಿ, ಶತಾಬ್ದಿಯಂಥ ರೈಲಿನಲ್ಲಿ ಬುಕ್ ಮಾಡುವಾಗ ಬೇಡವೆಂದು, ಒಳಗೆ ಹೋದ ಮೇಲೆ ಪಕ್ಕದವರ ಟ್ರೇ ನೋಡಿ ಬೇಕು ಅಂದರೆ ತಿಂಡಿ, ಊಟಕ್ಕೆ 50 ರೂಪಾಯಿ ಹೆಚ್ಚುವರಿ ಬೀಳುತ್ತದೆ. ಚಹಾ–ಕಾಫಿಗೂ ಇದ್ದ ಈ ಹೆಚ್ಚುವರಿಯನ್ನು 2022ರಲ್ಲಿ ತೆಗೆದರು, ಊಟದ್ದು ಉಳಿಯಿತು.

ಇನ್ನೊಂದು ದಾರಿ ರೈಲ್ವೆಯ ಟಿಕೆಟ್, ಊಟ ನೋಡಿಕೊಳ್ಳುವ ಐಆರ್‌ಸಿಟಿಸಿಯ ಇ-ಕೇಟರಿಂಗ್. ಪಿಎನ್‌ಆರ್ ಕೊಟ್ಟು ಆ್ಯಪ್‌ನಲ್ಲೋ 1323ಕ್ಕೆ ಫೋನ್ ಮಾಡಿಯೋ ಮುಂದಿನ ನಿಲ್ದಾಣದ ಹೋಟೆಲಿನಿಂದ ಊಟ ತರಿಸಬಹುದು, ಸೀಟಿಗೇ ತಂದುಕೊಡುತ್ತಾರೆ. 2024ರ ಮಾರ್ಚ್‌ನಲ್ಲಿ ಸ್ವಿಗ್ಗಿಯೂ ಇದಕ್ಕೆ ಸೇರಿತು, ಮೊದಲ ನಾಲ್ಕು ನಿಲ್ದಾಣಗಳಲ್ಲಿ ಬೆಂಗಳೂರೂ ಇತ್ತು. ಅಡುಗೆಯಿಂದ ಕೈಗೆ ಬರುವ ಹೊತ್ತಿನ ಲೆಕ್ಕ ಹಾಕಿದರೆ ಇದೇ ಎಲ್ಲಕ್ಕಿಂತ ಮೇಲು. ರೈಲು ಬರುವ ಹೊತ್ತಿಗೆ ಮಾಡಿ ಕೊಡುವ ಊಟ ತಾನೇ. ಆದರೆ ವಂದೇ ಭಾರತ್‌ನಂಥ ರೈಲು ನಿಲ್ಲುವುದು ಕಡಿಮೆ, ನಿಂತರೂ ಒಂದೆರಡು ನಿಮಿಷ. ಅಷ್ಟರೊಳಗೆ ಹುಡುಗ ನಿಮ್ಮ ಬೋಗಿ ಹುಡುಕಿ ಬರಬೇಕು. ನಾಗಪುರದಂಥ ದೊಡ್ಡ ನಿಲ್ದಾಣ ದಾಟಿ ಹೋಗುವ ರಾಜಧಾನಿಗೆ ಇದು ಹೊಂದುತ್ತದೆ.

ರಾಜಧಾನಿಯ ಲೆಕ್ಕವೇ ಬೇರೆ. ರಾತ್ರಿ ಬೆಂಗಳೂರು ಬಿಟ್ಟರೆ ಸುಮಾರು 33 ಗಂಟೆ ಒಳಗೇ ಇರಬೇಕು: ಎರಡು ರಾತ್ರಿಯ ಊಟ, ನಡುವೆ ಒಂದು ಇಡೀ ಹಗಲು. ಇಷ್ಟಕ್ಕೆ ಬುತ್ತಿ ಸಾಲದು, ಊಟ ಹಾಕಿಸಲೇಬೇಕು. ಎರಡನೆಯ ರಾತ್ರಿಗೆ ಮತ್ತೆ ಅದೇ ದಾಲ್, ಅದೇ ಪನೀರ್ ಬಂದಾಗ ಮನಸ್ಸು ಬೇಸರಿಸುತ್ತದೆ. ಅದಕ್ಕೆ ನಾನು ಹೇಳುವುದು: ಮೊದಲ ರಾತ್ರಿ ಮನೆಯ ಮೊಸರನ್ನ, ಮರುದಿನ ಹಗಲು ರೈಲಿನ ಊಟ, ಎರಡನೆಯ ರಾತ್ರಿಗೆ ಹೊರಗಿನಿಂದ ಏನಾದರೂ ತರಿಸಿ. ಟಿಕೆಟ್ಟಿನಲ್ಲಿ ದುಡ್ಡು ಕೊಟ್ಟಿದ್ದೇವೆ ಎಂದು ಬೇಡದ ಊಟವನ್ನು ಹೊಟ್ಟೆಗೆ ತುರುಕಬೇಕಾಗಿಲ್ಲ.

ಬುತ್ತಿ ಕಟ್ಟುವವರಿಗೆ

ಮಲೆನಾಡಿನ ಮನೆಗಳಲ್ಲಿ ಹೊರಡುವಾಗ ಅಕ್ಕಿರೊಟ್ಟಿ ಕಟ್ಟಿಕೊಡುವ ಪ್ರೀತಿ ದೊಡ್ಡದು. ಆದರೆ ಅಕ್ಕಿರೊಟ್ಟಿ ಆರಿದರೆ ಬಿರುಸಾಗುತ್ತದೆ, ಕಡುಬು ಬಿಸಿ ಇದ್ದಾಗಲೇ ಚೆನ್ನ. ಮೂರು ತಾಸಿಗಿಂತ ದೂರದ ಪ್ರಯಾಣಕ್ಕೆ ಎರಡೂ ಬೇಡ. ಪುಳಿಯೋಗರೆ ಸರಿ. ಹುಣಸೆಹುಳಿ, ಎಣ್ಣೆ, ಉಪ್ಪು ಮೂರೂ ಸೇರಿ ಅನ್ನವನ್ನು ಕಾಯುತ್ತವೆ. ಚಿತ್ರಾನ್ನವನ್ನು ಕಾಯಿತುರಿ ಹಾಕದೆ, ನಿಂಬೆಹುಳಿ ಹಿಂಡಿ ಮಾಡಿದರೆ ಅಷ್ಟು ಬೇಗ ಕೆಡುವುದಿಲ್ಲ. ಅನ್ನವನ್ನು ಅಗಲ ತಟ್ಟೆಯಲ್ಲಿ ಹರವಿ ಆರಿಸಿಯೇ ಕಲಸಿ, ಬಿಸಿಬಿಸಿ ತುಂಬಿದರೆ ಮುಚ್ಚಳದ ಆವಿ ನೀರಾಗಿ ಇಳಿದು ಬೇಗ ಹಳಸುತ್ತದೆ.

ಮೊಸರನ್ನಕ್ಕೆ ನಮ್ಮ ಹಿರಿಯರ ಉಪಾಯವೇ ಉಪಾಯ. ಅನ್ನವನ್ನು ಮೆತ್ತಗೆ ಹಿಸುಕಿ, ಉಗುರುಬೆಚ್ಚಗಿರುವಾಗ ಕಾಯಿಸಿದ ಹಾಲು ಧಾರಾಳವಾಗಿ ಸೇರಿಸಿ, ಹೆಪ್ಪಿಗೆ ಒಂದೇ ಚಮಚ ಮೊಸರು ಹಾಕಿ. ತಿನ್ನುವ ಹೊತ್ತಿಗೆ ಡಬ್ಬಿಯಲ್ಲೇ ಹೆಪ್ಪಾಗಿರುತ್ತದೆ, ಹುಳಿ ಏರಿರುವುದಿಲ್ಲ. ಪಕ್ಕಕ್ಕೆ ಹುಚ್ಚೆಳ್ಳು ಚಟ್ನಿಪುಡಿ. ಬಾಳೆಎಲೆಯಲ್ಲಿ ಕಟ್ಟುವುದಾದರೆ ಎಲೆಯನ್ನು ಕೆಂಡದ ಮೇಲೋ ಗ್ಯಾಸಿನ ಉರಿಯ ಮೇಲೋ ಬಾಡಿಸಿ, ಇಲ್ಲದಿದ್ದರೆ ಮಡಿಸಿದ ಕಡೆ ಸೀಳುತ್ತದೆ. ಎಸಿ ಬೋಗಿಯಲ್ಲಿ ಗಾಳಿ ಒಳಗೇ ಸುತ್ತುವುದರಿಂದ ಒಣಮೀನು, ಬೆಳ್ಳುಳ್ಳಿ ಗಾಟಿನದ್ದನ್ನು ಮನೆಯಲ್ಲೇ ಮುಗಿಸಿಕೊಂಡು ಬನ್ನಿ.

ಪ್ರವಾಸಿಗರ ಐಷಾರಾಮಿ ರೈಲು ಗೋಲ್ಡನ್ ಚಾರಿಯಟ್ ಬಗ್ಗೆಯೂ ಕೆಲವರು ಕೇಳುತ್ತಾರೆ, ಹಳೇಬೀಡು, ಚಿಕ್ಕಮಗಳೂರು ಅದರ ಪ್ರವಾಸದಲ್ಲಿ ಇರುವುದರಿಂದ. 2008ರಲ್ಲಿ ಶುರುವಾದ ಆ ರೈಲಿನ ಟಿಕೆಟ್ ಬೆಲೆ ಲಕ್ಷಗಳಲ್ಲಿ, ಅದನ್ನು ಮೇಲಿನವುಗಳ ಜೊತೆ ಹೋಲಿಸುವ ಹಾಗಿಲ್ಲ. ಗಮನಿಸಬೇಕಾದ್ದು ಒಂದೇ. ಅಲ್ಲಿ 40 ಕೋಣೆ, ಎರಡು ರೆಸ್ಟೋರೆಂಟ್ ಬೋಗಿ, ಒಲೆಯೂ ರೈಲಿನಲ್ಲೇ. ಜನ ಬಂದು ಕುಳಿತ ಮೇಲೆ ಬಡಿಸುತ್ತಾರೆ.

ಊಟ ಕೆಟ್ಟಿದ್ದರೆ ತಿಂದು ಬೈದುಕೊಳ್ಳುತ್ತ ಇಳಿಯಬೇಡಿ. ತಿನ್ನುವ ಮೊದಲೇ ಡಬ್ಬಿಯ ಲೇಬಲ್ಲಿನ ಮೇಲೆ ತಯಾರಿಸಿದ ಹೊತ್ತು ಇದೆಯೇ ನೋಡಿ, ಫೋಟೋ ತೆಗೆದು, 139ಕ್ಕೋ ರೈಲ್ ಮದದ್ ಆ್ಯಪ್‌ಗೋ ದೂರು ಕೊಡಿ. ಪಿಎನ್‌ಆರ್, ಬೋಗಿ, ಸೀಟು ನಂಬರ್ ಹೇಳಿದರೆ ರೈಲು ಓಡುತ್ತಿರುವಾಗಲೇ ಮೇಲ್ವಿಚಾರಕರು ಬರುವುದುಂಟು. ದುಡ್ಡು ಕೊಟ್ಟು ಕೊಂಡದ್ದಕ್ಕೆ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ದುಡ್ಡೂ ಇಲ್ಲ ಎಂಬ ನಿಯಮ ರೈಲ್ವೆಯದ್ದೇ. ವಂದೇ ಭಾರತ್‌ನಲ್ಲಿ ಅರ್ಧ ಲೀಟರ್ ನೀರು ಮೊದಲು ಕೊಡುತ್ತಾರೆ, ಇನ್ನೊಂದು ಅರ್ಧ ಲೀಟರ್ ಕೇಳಿದರೆ ಹಣವಿಲ್ಲದೆ ಕೊಡಬೇಕು. ಕೇಳುವವರೇ ಕಡಿಮೆ.

ಸಕ್ಕರೆ ಕಾಯಿಲೆ ಇರುವ ಅಪ್ಪ ಅಮ್ಮನನ್ನು ಕಳಿಸುವವರು ಬುಕಿಂಗ್‌ನಲ್ಲಿ ಡಯಾಬಿಟಿಕ್ ಊಟ ಆರಿಸಬಹುದು. ಆದರೂ ಟ್ರೇ ಬರುವ ಹೊತ್ತು ಅವರ ಔಷಧಿಯ ಹೊತ್ತಿಗೆ ಹೊಂದುತ್ತದೆ ಎಂದು ನಂಬಿ ಕೂರಬೇಡಿ. ಕೈಚೀಲದಲ್ಲಿ ಎರಡು ಚಪಾತಿ, ಒಂದಿಷ್ಟು ಹುರಿಗಡಲೆ, ನಾಲ್ಕು ಬಿಸ್ಕತ್ತು ಇರಲಿ. ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಊಟ ಎಷ್ಟು ಹೊತ್ತಿಗೆ ಎಂದು ಬೋಗಿಯ ಹುಡುಗನನ್ನು ಮೊದಲೇ ಕೇಳಿಟ್ಟುಕೊಳ್ಳಲಿ, ಟ್ರೇ ಕಣ್ಣಿಗೆ ಬಿದ್ದ ಮೇಲೆಯೇ ಚುಚ್ಚಿಕೊಳ್ಳಲಿ.